ರೊಕ್ಕ ಯಾರ ಹೆಸರಿಗೆ ಬರ್ತದೆ? ಸೋಯಾ ರೈತರಿಗೆ ಸರ್ಕಾರದ ಸಹಾಯಧನ: ಒಂದು ಪಾಠ



ಬೀದರ್ ಜಿಲ್ಲೆಯಲ್ಲಿ ಮುಂಗಾರಿ ಬಂತೆಂದರೆ ಸೋಯಾ ಬಿತ್ತನೆಯದೇ ಮಾತು. ಒಂದು ಕಾಲಕ್ಕೆ ಉದ್ದು, ಹೆಸರು ಬಿತ್ತುತ್ತಿದ್ದ ಎಷ್ಟೋ ಹೊಲಗಳಲ್ಲಿ ಈಗ ಸೋಯಾ ನಿಂತಿರುತ್ತದೆ. ಕಳೆ ತೆಗೆಯುವುದು, ಕೊಯ್ಯುವುದು, ಬಣವಿ ಒಟ್ಟುವುದು, ರಾಶಿ ಆದ ಮೇಲೆ ಕಾಳು ಒಣಗಿಸುವುದು, ಇದರಲ್ಲಿ ಬಹಳಷ್ಟು ನಮ್ಮ ಕೈಯ ಕೆಲಸವೇ. ಆದರೆ ಸಹಾಯಧನ, ವಿಮೆ, ಬೆಂಬಲ ಬೆಲೆ ಎಂಬ ಮಾತು ಬಂದ ಕೂಡಲೇ ಸಂಘದಲ್ಲಿ ಕೇಳಿಬರುವ ಉತ್ತರ ಒಂದೇ: "ಅದೆಲ್ಲಾ ಮನಿಯವರಿಗೆ ಗೊತ್ರಿ, ನಮಗೇನ್ ಗೊತ್ತಿಲ್ಲ."

ಈ ತಿಂಗಳ ಪಾಠ ಈ ಉತ್ತರದ ಬಗ್ಗೆಯೇ. ಇದಕ್ಕಾಗಿ ಸ್ವಲ್ಪ ದೂರ ಹೋಗೋಣ. ಅಮೆರಿಕದ ಒಂದು ಹಳ್ಳಿಗಾಡಿನ ಜಿಲ್ಲೆಯಲ್ಲಿ ಸೋಯಾ ರೈತರಿಗೆ ಸರ್ಕಾರ ಹಣ ಹೇಗೆ ಕೊಡುತ್ತದೆ, ಅದು ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂದು ನೋಡೋಣ. ಆಮೇಲೆ ನಮ್ಮ ಪಹಣಿಗೆ ತಿರುಗಿ ಬರೋಣ. ಅಮೆರಿಕ ಯಾಕೆ ಎಂದು ನೀವು ಕೇಳಬಹುದು. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಸೋಯಾ ಬೆಳೆಯುವ ದೇಶ ಅದು. ಅಲ್ಲಿನ ಲೆಕ್ಕ ತಿಳಿದರೆ ನಮ್ಮ ಲೆಕ್ಕವೂ ಬಿಡಿಸಿದ ಹಾಗೆ ಕಾಣುತ್ತದೆ.

1. ಕೊಸೂತ್ ಎಂಬ ಜಿಲ್ಲೆ

ಅಮೆರಿಕದ ನಡು ಭಾಗದಲ್ಲಿ ಅಯೋವಾ ಎಂಬ ರಾಜ್ಯವಿದೆ. ಅಲ್ಲಿ ಜಿಲ್ಲೆಗೆ ಕೌಂಟಿ ಎನ್ನುತ್ತಾರೆ. ಆ ರಾಜ್ಯದ 99 ಕೌಂಟಿಗಳಲ್ಲಿ ವಿಸ್ತೀರ್ಣದಲ್ಲಿ ದೊಡ್ಡದು ಕೊಸೂತ್ ಕೌಂಟಿ. ಅದರ ಮುಖ್ಯ ಊರು ಅಲ್ಗೋನಾ. ವಿಸ್ತೀರ್ಣದಲ್ಲಿ ಅದು ಬೀದರ್ ಜಿಲ್ಲೆಯ ಹತ್ತಿರ ಹತ್ತಿರ ಅರ್ಧದಷ್ಟಿದೆ. ಆದರೆ 2020ರ ಜನಗಣತಿಯಲ್ಲಿ ಅಲ್ಲಿದ್ದ ಜನ ಸುಮಾರು 15 ಸಾವಿರ ಮಾತ್ರ. ಬೀದರ್ ಜಿಲ್ಲೆಯಲ್ಲಿ 2011ರಲ್ಲೇ 17 ಲಕ್ಷ ಜನರಿದ್ದರು. ಅಲ್ಲಿ ಕಣ್ಣು ಹಾಯಿಸಿದಷ್ಟು ದೂರ ಹೊಲ, ಒಂದು ವರ್ಷ ಮೆಕ್ಕೆಜೋಳ, ಮರುವರ್ಷ ಸೋಯಾ.

2022ರ ಕೃಷಿ ಗಣತಿಯಂತೆ ಅಯೋವಾದಲ್ಲಿ ಒಂದು ರೈತ ಕುಟುಂಬದ ಸಾಗುವಳಿ ಸರಾಸರಿ 345 ಎಕರೆ. ಕರ್ನಾಟಕದಲ್ಲಿ 2015-16ರ ಗಣತಿಯಂತೆ ಸರಾಸರಿ ಹಿಡುವಳಿ ಸುಮಾರು ಮೂರೂಕಾಲು ಎಕರೆ. ಅಲ್ಲಿ ಎಕರೆಗೆ 16 ಕ್ವಿಂಟಲ್‌ವರೆಗೂ ಸೋಯಾ ಬರುತ್ತದೆ. ನಮ್ಮ ದೇಶದ ಸರಾಸರಿ ಎಕರೆಗೆ ನಾಲ್ಕು ಕ್ವಿಂಟಲ್ ಆಸುಪಾಸು.

"ಹಂಗಾದ್ರೆ ಅವರಿಗೇನ್ ಕಮ್ಮಿ? ಸರ್ಕಾರದ ರೊಕ್ಕ ಯಾಕ ಬೇಕು?" ಎಂದು ಅನ್ನಿಸುವುದು ಸಹಜ. ಆದರೆ ಅವರ ಖರ್ಚೂ ದೊಡ್ಡದು. ಯಂತ್ರ, ಬೀಜ, ಗೊಬ್ಬರ, ಜಮೀನಿನ ಬಾಡಿಗೆ, ಬ್ಯಾಂಕಿನ ಸಾಲ ಎಲ್ಲವೂ ಇದೆ. ಬೆಳೆದ ಮಾಲಿನಲ್ಲಿ ದೊಡ್ಡ ಪಾಲು ಪರದೇಶಕ್ಕೆ ಹೋಗಬೇಕು. ಅಲ್ಲಿ ಕೊಳ್ಳುವವರು ಕೈ ಎತ್ತಿದರೆ ಇಲ್ಲಿ ಬೆಲೆ ಬಿತ್ತು ಎಂದೇ ಅರ್ಥ.

2. ಹಣ ಬರುವ ನಾಲ್ಕು ದಾರಿಗಳು

ಅಮೆರಿಕ ಸರ್ಕಾರ ಬೆಳೆಗೆ ಆಸರೆ ಕೊಡಲು ಶುರುಮಾಡಿದ್ದು 1933ರ ಕಾನೂನಿನಿಂದ. ಆಗ ಬೆಲೆ ಕುಸಿದು ರೈತರು ಜಮೀನು ಕಳೆದುಕೊಳ್ಳುತ್ತಿದ್ದರು. ಈಗ ಸೋಯಾ ರೈತರಿಗೆ ಮುಖ್ಯವಾಗಿ ನಾಲ್ಕು ದಾರಿಗಳಿಂದ ಹಣ ಬರುತ್ತದೆ.

ಒಂದು, ಬೆಲೆ ಬಿದ್ದಾಗ. ಸರ್ಕಾರ ಒಂದು ಆಧಾರ ಬೆಲೆ ಗೊತ್ತು ಮಾಡಿರುತ್ತದೆ. ಅಲ್ಲಿ ಅಳತೆ ಬುಶೆಲ್ ಲೆಕ್ಕದಲ್ಲಿ. ಒಂದು ಬುಶೆಲ್ ಸೋಯಾ ಅಂದರೆ ಸುಮಾರು 27 ಕಿಲೋ. 2014ರ ಕಾನೂನಿನಲ್ಲಿ ಬುಶೆಲ್‌ಗೆ 8 ಡಾಲರ್ 40 ಸೆಂಟ್ ಇದ್ದದ್ದನ್ನು 2025ರ ಜುಲೈ ತಿಂಗಳ ಕಾನೂನು 10 ಡಾಲರ್‌ಗೆ ಏರಿಸಿತು. ವರ್ಷದ ಸರಾಸರಿ ಮಾರುಕಟ್ಟೆ ಬೆಲೆ ಇದಕ್ಕಿಂತ ಕೆಳಗೆ ಇಳಿದರೆ ವ್ಯತ್ಯಾಸದ ಹಣವನ್ನು ಸರ್ಕಾರ ಕೊಡುತ್ತದೆ. ಸರ್ಕಾರ ಕಾಳು ಖರೀದಿ ಮಾಡುವುದಿಲ್ಲ. ರೈತ ತನ್ನ ಮಾಲನ್ನು ಮಾರುಕಟ್ಟೆಯಲ್ಲೇ ಮಾರುತ್ತಾನೆ, ಕಡಿಮೆ ಬಿದ್ದದ್ದು ಅವನ ಖಾತೆಗೆ ಬರುತ್ತದೆ.

ಎರಡು, ಇಡೀ ಕೌಂಟಿಯ ಆದಾಯ ಬಿದ್ದಾಗ. ಮೊದಲನೆಯ ದಾರಿಯ ಬದಲು ರೈತ ಇದನ್ನು ಆರಿಸಿಕೊಳ್ಳಬಹುದು. ಕೌಂಟಿಯ ಸರಾಸರಿ ಇಳುವರಿ ಮತ್ತು ಬೆಲೆ ಎರಡನ್ನೂ ಗುಣಿಸಿ ಆದಾಯ ಲೆಕ್ಕ ಹಾಕುತ್ತಾರೆ. ಹಿಂದಿನ ವರ್ಷಗಳ ಲೆಕ್ಕದ ಶೇಕಡಾ 90ಕ್ಕಿಂತ ಅದು ಕೆಳಗೆ ಹೋದರೆ ಹಣ ಬರುತ್ತದೆ. 2025ರ ಬೆಳೆಗೆ ಮೊದಲು ಈ ಮಟ್ಟ ಶೇಕಡಾ 86 ಇತ್ತು. ಇದರಲ್ಲಿ ಒಂದು ತೊಡಕಿದೆ. ನಿನ್ನ ಹೊಲ ಒಂದೇ ಹಾಳಾಗಿ ಕೌಂಟಿಯ ಸರಾಸರಿ ಚೆನ್ನಾಗಿದ್ದರೆ ನಿನಗೆ ಏನೂ ಇಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ನಮ್ಮ ಬೆಳೆ ವಿಮೆಗೆ ಬಂದಾಗ ಬೇಕಾಗುತ್ತದೆ.

ಮೂರು, ಬೆಳೆ ವಿಮೆ. ವಿಮೆಯ ಕಂತಿನಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಸರ್ಕಾರವೇ ತುಂಬುತ್ತದೆ.

ನಾಲ್ಕು, ಸಂಕಟ ಬಂದಾಗ ಕೊಡುವ ವಿಶೇಷ ಪರಿಹಾರ. ಇದರ ಕಥೆ ಸ್ವಲ್ಪ ದೊಡ್ಡದು. ಅಮೆರಿಕ ಪರದೇಶಕ್ಕೆ ಮಾರುವ ಸೋಯಾದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಚೀನಾ ಕೊಳ್ಳುತ್ತಿತ್ತು. 2018ರಲ್ಲಿ ಎರಡೂ ದೇಶಗಳ ನಡುವೆ ಸುಂಕದ ಜಗಳ ಶುರುವಾಯಿತು. ಆ ವರ್ಷದ ಜುಲೈಯಲ್ಲಿ ಚೀನಾ ಅಮೆರಿಕದ ಸೋಯಾ ಮೇಲೆ ಶೇಕಡಾ 25 ಸುಂಕ ಹಾಕಿತು. ಬೆಲೆ ಕುಸಿಯಿತು. ಆಗ ಅಮೆರಿಕ ಸರ್ಕಾರ ಬುಶೆಲ್‌ಗೆ 1 ಡಾಲರ್ 65 ಸೆಂಟ್‌ನಂತೆ ಸೋಯಾ ರೈತರಿಗೆ ಕೊಟ್ಟಿತು. ಮೆಕ್ಕೆಜೋಳಕ್ಕೆ ಕೊಟ್ಟದ್ದು ಬುಶೆಲ್‌ಗೆ ಬರೀ 1 ಸೆಂಟ್! 2019ರಲ್ಲಿ ಲೆಕ್ಕ ಬದಲಾಯಿತು. ಪ್ರತಿ ಕೌಂಟಿಗೂ ಬೇರೆ ಬೇರೆ ದರ, ಎಕರೆಗೆ 15 ಡಾಲರ್‌ನಿಂದ 150 ಡಾಲರ್‌ವರೆಗೆ. ರಸ್ತೆಯ ಈ ಕಡೆ ಒಂದು ದರ, ಆ ಕಡೆ ಇನ್ನೊಂದು. ಎರಡು ವರ್ಷದಲ್ಲಿ ದೇಶದಾದ್ಯಂತ ಹಂಚಿದ್ದು ಸುಮಾರು 2,300 ಕೋಟಿ ಡಾಲರ್.

2025ರಲ್ಲಿ ಅದೇ ಕಥೆ ಮರುಕಳಿಸಿತು. ಚೀನಾ ತಿಂಗಳುಗಟ್ಟಲೆ ಅಮೆರಿಕದ ಸೋಯಾ ಖರೀದಿ ನಿಲ್ಲಿಸಿತು. ಅಕ್ಟೋಬರ್ ಕೊನೆಗೆ ಎರಡೂ ದೇಶಗಳು ಒಂದು ಒಪ್ಪಂದಕ್ಕೆ ಬಂದವು. ಡಿಸೆಂಬರ್‌ನಲ್ಲಿ ಸರ್ಕಾರ 1,200 ಕೋಟಿ ಡಾಲರ್‌ನ ಪರಿಹಾರ ಘೋಷಿಸಿತು. ಸೋಯಾಕ್ಕೆ ಎಕರೆಗೆ 30 ಡಾಲರ್ 88 ಸೆಂಟ್. "ನಮಗೆ ಪರಿಹಾರಕ್ಕಿಂತ ಮಾರುಕಟ್ಟೆ ಬೇಕು" ಎಂಬುದು ಅಲ್ಲಿನ ಸೋಯಾ ರೈತ ಸಂಘಟನೆಗಳು ಮತ್ತೆ ಮತ್ತೆ ಹೇಳಿದ ಮಾತು. ಒಮ್ಮೆ ಕೈ ತಪ್ಪಿದ ಗಿರಾಕಿ ಬೇರೆ ಅಂಗಡಿಗೆ ಒಗ್ಗಿಕೊಂಡರೆ ವಾಪಸ್ ತರುವುದು ಕಷ್ಟ ಎಂಬುದು ಸಂತೆಯಲ್ಲಿ ಕೂತ ನಿಮಗೂ ಗೊತ್ತು.

3. ಹಣ ಯಾರನ್ನು ಹುಡುಕಿಕೊಂಡು ಬರುತ್ತದೆ?

ಈಗ ಪಾಠದ ಮುಖ್ಯ ಭಾಗಕ್ಕೆ ಬಂದಿದ್ದೇವೆ. ಇದನ್ನು ಓದುವಾಗ ಗುಂಪಿನಲ್ಲಿ ಒಬ್ಬರು ನಿಧಾನವಾಗಿ, ಗಟ್ಟಿಯಾಗಿ ಓದಿ ಹೇಳಿರಿ.

ಎಕರೆ ಲೆಕ್ಕದ ಹಣ ಎಕರೆ ಇದ್ದವರಿಗೇ ಹೆಚ್ಚು. ಎಕರೆಗೆ 30 ಡಾಲರ್ 88 ಸೆಂಟ್ ಅಂದರೆ 100 ಎಕರೆಯವನಿಗೆ 3,088 ಡಾಲರ್. 1,000 ಎಕರೆಯವನಿಗೆ 30,880 ಡಾಲರ್. ಒಬ್ಬರಿಗೆ 1,55,000 ಡಾಲರ್‌ಗಿಂತ ಹೆಚ್ಚು ಇಲ್ಲ ಎಂಬ ಮಿತಿ ಇದೆ. ಆದರೆ ಆ ಮಿತಿ ಮುಟ್ಟಬೇಕಾದರೆ 5,000 ಎಕರೆ ಸೋಯಾ ಬೇಕು! ಕಷ್ಟ ಎಲ್ಲರದ್ದೂ ಒಂದೇ ಆದರೂ ಪರಿಹಾರ ಒಂದೇ ಅಲ್ಲ.

ಬೆಲೆ ವ್ಯತ್ಯಾಸದ ಹಣ ಈ ವರ್ಷ ಬಿತ್ತಿದ ಹೊಲಕ್ಕೆ ಅಲ್ಲ, ದಾಖಲೆಯ ಎಕರೆಗೆ. ಇದು ಕೇಳಿದವರಿಗೆ ಆಶ್ಚರ್ಯ ಆಗುವ ಸಂಗತಿ. ಪ್ರತಿ ಜಮೀನಿಗೂ ಹಿಂದಿನ ವರ್ಷಗಳ ಬೆಳೆಯ ಆಧಾರದ ಮೇಲೆ ಒಂದು ಲೆಕ್ಕ ಬರೆದಿಟ್ಟಿರುತ್ತಾರೆ. ಅದನ್ನು ಮೂಲ ಎಕರೆ ಅನ್ನೋಣ. ಉದಾಹರಣೆಗೆ ಒಬ್ಬರಿಗೆ 100 ಮೂಲ ಎಕರೆ ಸೋಯಾ ಇದೆ, ಎಕರೆಗೆ 50 ಬುಶೆಲ್ ಎಂದು ದಾಖಲೆಯಲ್ಲಿದೆ, ಬೆಲೆ ಆಧಾರ ಬೆಲೆಗಿಂತ 1 ಡಾಲರ್ ಬಿದ್ದಿದೆ ಎಂದಿಟ್ಟುಕೊಳ್ಳಿ. ನೂರರಲ್ಲಿ 85 ಎಕರೆಗೆ ಮಾತ್ರ ಕೊಡುವುದು ನಿಯಮ. 85 ಎಕರೆ, 50 ಬುಶೆಲ್, 1 ಡಾಲರ್, ಒಟ್ಟು 4,250 ಡಾಲರ್ ಬರುತ್ತದೆ. ಆ ವರ್ಷ ಅವರು ಸೋಯಾ ಬಿತ್ತದೆ ಇದ್ದರೂ ಬರುತ್ತದೆ. ದಾಖಲೆಯಲ್ಲಿ ಮೂಲ ಎಕರೆ ಇಲ್ಲದ ಜಮೀನಿನಲ್ಲಿ ಹೊಟ್ಟೆ ತುಂಬ ಸೋಯಾ ಬೆಳೆದರೂ ಈ ಹಣ ಬರುವುದಿಲ್ಲ.

ಕಚೇರಿಗೆ ವರದಿ ಕೊಡದವರಿಗೆ ಇಲ್ಲ. ಕೌಂಟಿಯಲ್ಲಿ ಕೃಷಿ ಇಲಾಖೆಯ ಒಂದು ಕಚೇರಿ ಇರುತ್ತದೆ. ಬೇಸಿಗೆ ಬೆಳೆ ಬಿತ್ತಿದವರು ಸಾಮಾನ್ಯವಾಗಿ ಜುಲೈ 15ರ ಒಳಗೆ ಯಾವ ಹೊಲದಲ್ಲಿ ಯಾವ ಬೆಳೆ, ಎಷ್ಟು ಎಕರೆ ಎಂದು ಅಲ್ಲಿ ಬರೆಸಬೇಕು. 2025ರ ವಿಶೇಷ ಪರಿಹಾರವೂ ಹೀಗೆ ಬರೆಸಿದ ಎಕರೆಗೇ.

ಬಾಡಿಗೆ ಜಮೀನಿನ ಹಣ ಉಳುವವರಿಗೆ. ಅಯೋವಾದಲ್ಲಿ ಅರ್ಧಕ್ಕಿಂತ ಹೆಚ್ಚು ಜಮೀನು ಬಾಡಿಗೆಗೆ ಕೊಟ್ಟದ್ದು. ನಗದು ಬಾಡಿಗೆ ಇದ್ದರೆ ಸಹಾಯಧನ ಉಳುವವನಿಗೆ, ಮಾಲಕರಿಗೆ ಅಲ್ಲ. ಪಾಲಿಗೆ ಕೊಟ್ಟಿದ್ದರೆ ಪಾಲಿನ ಪ್ರಕಾರ ಇಬ್ಬರಿಗೂ. ನಷ್ಟದ ಭಾರ ಹೊತ್ತವರಿಗೆ ಹಣ ಎಂಬುದು ನಿಯಮದ ತಿರುಳು. ಇದು ಒಳ್ಳೆಯ ನಿಯಮ. ಆದರೂ ಸಹಾಯಧನ ಬರುತ್ತದೆಂದು ಗೊತ್ತಾದರೆ ಬಾಡಿಗೆಯೂ ಏರುತ್ತದೆ. ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಲ್ಲಿ ಸ್ವಲ್ಪ ಹೋಗುತ್ತದೆ.

ಹೆಣ್ಣುಮಕ್ಕಳ ವಿಷಯ. ಅಯೋವಾದ ಕೃಷಿ ಭೂಮಿಯಲ್ಲಿ ಹೆಚ್ಚು ಕಡಿಮೆ ಅರ್ಧ ಹೆಣ್ಣುಮಕ್ಕಳ ಹೆಸರಿನಲ್ಲಿದೆ. ಗಂಡ ಹೆಂಡತಿ ಇಬ್ಬರೂ ಒಕ್ಕಲುತನದಲ್ಲಿ ಸೇರಿದ್ದರೆ, ಒಬ್ಬರು ದುಡಿದದ್ದನ್ನು ಇನ್ನೊಬ್ಬರ ಅರ್ಹತೆಗೂ ಹಿಡಿಯಬಹುದು ಎಂದು 2008ರ ಕಾನೂನು ಒಪ್ಪಿಕೊಂಡಿತು. ಮನೆಯ ಹೆಣ್ಣುಮಗಳ ದುಡಿಮೆಯನ್ನು ಕಾಗದದ ಮೇಲೆ ಕಾಣುವಂತೆ ಮಾಡಿದ ಒಂದು ಹೆಜ್ಜೆ ಅದು.

ಆದರೆ ಕಾನೂನು ಇದ್ದಲ್ಲಿ ನ್ಯಾಯ ತಾನಾಗಿ ಬರುವುದಿಲ್ಲ. ಅದೇ ದೇಶದಲ್ಲಿ ಕಪ್ಪು ಜನಾಂಗದ ರೈತರು "ಸಾಲ ಮತ್ತು ನೆರವು ಕೊಡುವಲ್ಲಿ ಕೃಷಿ ಇಲಾಖೆ ನಮಗೆ ತಾರತಮ್ಯ ಮಾಡಿದೆ" ಎಂದು ಮೊಕದ್ದಮೆ ಹೂಡಿದರು. 1999ರಲ್ಲಿ ಅದು ರಾಜಿಯಾಗಿ ನೂರು ಕೋಟಿ ಡಾಲರ್‌ಗಿಂತ ಹೆಚ್ಚು ಪರಿಹಾರ ಕೊಡಬೇಕಾಯಿತು. ಹೆಣ್ಣು ರೈತರೂ, ಸ್ಪಾನಿಷ್ ಭಾಷೆಯ ಮೂಲದ ರೈತರೂ ಇದೇ ದೂರು ತಂದರು. 2011ರಲ್ಲಿ ಅವರಿಗಾಗಿ ಕನಿಷ್ಠ 133 ಕೋಟಿ ಡಾಲರ್ ತೆಗೆದಿಡಲಾಯಿತು. ಇದು ದಾನ ಅಲ್ಲ. ಅರ್ಜಿ ಇಟ್ಟುಕೊಂಡು, ಕಾಗದ ಜೋಪಾನ ಮಾಡಿ, ಒಟ್ಟಾಗಿ ಕೇಳಿದ್ದರಿಂದ ಬಂದದ್ದು.

ಇನ್ನೊಂದು ವಿಷಯ. ಪ್ರತಿ ಕೌಂಟಿ ಕಚೇರಿಗೂ ರೈತರೇ ಓಟು ಹಾಕಿ ಆರಿಸಿದ ಒಂದು ಸಮಿತಿ ಇರುತ್ತದೆ. ಮೂರು ವರ್ಷದ ಅವಧಿ. ಹೆಣ್ಣುಮಕ್ಕಳೂ ಓಟು ಹಾಕಬಹುದು, ನಿಲ್ಲಬಹುದು.

ಇಷ್ಟೆಲ್ಲಾ ನೋಡಿದ ಮೇಲೆ ಒಂದು ಮಾತು ಸ್ಪಷ್ಟ. ಸರ್ಕಾರದ ಹಣ ದುಡಿದ ಕೈಯನ್ನು ಹುಡುಕಿಕೊಂಡು ಬರುವುದಿಲ್ಲ. ದಾಖಲೆಯಲ್ಲಿರುವ ಹೆಸರನ್ನು ಹುಡುಕಿಕೊಂಡು ಬರುತ್ತದೆ. ಶ್ರೀಮಂತ ದೇಶದಲ್ಲೂ ಅಷ್ಟೇ, ನಮ್ಮಲ್ಲೂ ಅಷ್ಟೇ.

4. ಈಗ ನಮ್ಮ ಹೊಲಕ್ಕೆ ಬರೋಣ

ಬೆಂಬಲ ಬೆಲೆ: ನಮ್ಮಲ್ಲಿ ಅಮೆರಿಕದಂತೆ ವ್ಯತ್ಯಾಸದ ಹಣ ಖಾತೆಗೆ ಬರುವುದಿಲ್ಲ. ಖರೀದಿ ಕೇಂದ್ರ ತೆರೆದು ಕಾಳು ಕೊಂಡರೆ ಮಾತ್ರ ಬೆಂಬಲ ಬೆಲೆ ಸಿಗುತ್ತದೆ. ಸೋಯಾಕ್ಕೆ 2024-25ರಲ್ಲಿ ಕ್ವಿಂಟಲ್‌ಗೆ 4,892 ರೂಪಾಯಿ ಇತ್ತು, 2025-26ಕ್ಕೆ 5,328 ರೂಪಾಯಿ. 2024ರಲ್ಲಿ ಮಾರುಕಟ್ಟೆ ಬೆಲೆ ಇದಕ್ಕಿಂತ ಕೆಳಗೆ ಬಿದ್ದಾಗ ಕೇಂದ್ರ ಸರ್ಕಾರ ಕರ್ನಾಟಕದಲ್ಲಿ ಖರೀದಿಗೆ ಒಪ್ಪಿಗೆ ಕೊಟ್ಟಿತು. ಒಂದು ಲೆಕ್ಕ ಮಾಡಿ ನೋಡಿ. ಮಾರುಕಟ್ಟೆಯಲ್ಲಿ 4,300 ರೂಪಾಯಿ, ಬೆಂಬಲ ಬೆಲೆ 5,328 ರೂಪಾಯಿ ಇದ್ದರೆ ಹತ್ತು ಕ್ವಿಂಟಲ್‌ಗೆ 10,280 ರೂಪಾಯಿ ವ್ಯತ್ಯಾಸ. ಒಂದು ಮಗುವಿನ ವರ್ಷದ ಫೀಸು ಆದೀತು. ಆದರೆ ಕೇಂದ್ರದಲ್ಲಿ ಮಾರಲು ನೋಂದಣಿ ಬೇಕು, ರೈತರ ಗುರುತಿನ ಸಂಖ್ಯೆ ಅಂದರೆ ಎಫ್‌ಐಡಿ ಬೇಕು. ಕಾಳಿನಲ್ಲಿ ತೇವಾಂಶ ಶೇಕಡಾ 12 ಮೀರಬಾರದು ಎಂಬುದು ಸಾಮಾನ್ಯ ನಿಯಮ. ಚೆನ್ನಾಗಿ ಒಣಗಿಸುವುದು ನಮ್ಮ ಕೈಯಲ್ಲೇ ಇದೆ.

ಪಿಎಂ ಕಿಸಾನ್: ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತು. ಇದು ಜಮೀನು ಹೆಸರಿನಲ್ಲಿ ಇದ್ದವರಿಗೆ. ಲಾವಣಿಗೆ, ಪಾಲಿಗೆ ಮಾಡುವವರಿಗೆ ಇಲ್ಲ. ಅಯೋವಾದ ಬಾಡಿಗೆ ನಿಯಮಕ್ಕೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಿ. ಅಲ್ಲಿ ಉಳುವವರಿಗೆ, ಇಲ್ಲಿ ಮಾಲಕರಿಗೆ. ಗಂಡ, ಹೆಂಡತಿ, ಸಣ್ಣ ಮಕ್ಕಳು ಸೇರಿ ಒಂದೇ ಕುಟುಂಬ ಎಂದು ಲೆಕ್ಕ. ಮನೆಗೆ ಒಂದೇ ನೆರವು. ಗಂಡ ತೀರಿಕೊಂಡರೆ ಹೆಂಡತಿಗೆ ಇದನ್ನು ಪಡೆಯಲು ಅವಕಾಶವಿದೆ. ಆದರೆ ಪಹಣಿಯಲ್ಲಿ ಅವಳ ಹೆಸರು ಬಂದಿರಬೇಕು. ಪೌತಿ ಖಾತೆ ಮಾಡಿಸದೆ "ಇನ್ನೇನ್ ಮನ್ಯಾಗಿನ ಜಮೀನೇ ಅಲ್ಲಾ" ಎಂದು ಬಿಟ್ಟ ಮನೆಗಳಲ್ಲಿ ಕಂತು ನಿಂತುಹೋಗುತ್ತದೆ. ಬೆಳೆ ಸಾಲಕ್ಕೂ ತೊಡಕು ಬರುತ್ತದೆ.

ಬೆಳೆ ವಿಮೆ: ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಿಂದ ಜಾರಿಗೆ ಬಂತು. ಮುಂಗಾರಿ ಸೋಯಾಕ್ಕೆ ರೈತರು ಕಟ್ಟುವುದು ವಿಮಾ ಮೊತ್ತದ ಶೇಕಡಾ 2 ಮಾತ್ರ. ಉಳಿದದ್ದು ಸರ್ಕಾರದ್ದು. 2020ರ ಮುಂಗಾರಿನಿಂದ ಸಾಲ ಪಡೆದವರಿಗೂ ಇದು ಕಡ್ಡಾಯ ಅಲ್ಲ. ಆದ್ದರಿಂದ ಬ್ಯಾಂಕಿನವರು ತಾವಾಗಿ ಕಟ್ಟಿರುತ್ತಾರೆ ಎಂದು ನಂಬಿ ಕೂಡಬೇಡಿ, ರಸೀದಿ ಕೇಳಿ. ಪಾಲಿಗೆ ಮಾಡುವವರೂ ಈ ವಿಮೆಗೆ ಸೇರಬಹುದು ಎಂದು ಯೋಜನೆಯ ನಿಯಮ ಹೇಳುತ್ತದೆ. ಆದರೆ ಕಾಗದ ಕೇಳುತ್ತಾರೆ. ಕರ್ನಾಟಕದಲ್ಲಿ 1974ರ ಭೂಸುಧಾರಣೆಯ ನಂತರ ಗೇಣಿಗೆ ಕೊಡುವುದಕ್ಕೆ ಕಾನೂನಿನ ನಿಷೇಧ ಇರುವುದರಿಂದ ಲಾವಣಿ ಎಲ್ಲಾ ಬಾಯಿ ಮಾತಿನಲ್ಲೇ ನಡೆಯುತ್ತದೆ. ಹೊಲ ಮಾಡಿದವಳ ಹತ್ತಿರ ತೋರಿಸಲು ಏನೂ ಇರುವುದಿಲ್ಲ.

ಕೊಸೂತ್ ಕೌಂಟಿಯ ಸರಾಸರಿಯ ಮಾತು ನೆನಪಿದೆಯಲ್ಲಾ? ನಮ್ಮ ವಿಮೆಯೂ ಹಾಗೆಯೇ. ಮುಖ್ಯ ಬೆಳೆಗೆ ಗ್ರಾಮ ಪಂಚಾಯ್ತಿಯೇ ಘಟಕ. ಕೆಲವು ಹೊಲ ಆರಿಸಿ ಕೊಯ್ದು ತೂಗಿ ಪಂಚಾಯ್ತಿಯ ಸರಾಸರಿ ತೆಗೆಯುತ್ತಾರೆ. ಆ ಕೊಯ್ಲು ಪ್ರಯೋಗ ನಡೆಯುವಾಗ ಹೋಗಿ ನಿಂತು ನೋಡಬೇಕು. ನಮ್ಮ ಹೊಲ ಒಂದಕ್ಕೇ ಆದ ಹಾನಿಗೂ ಕೆಲವು ಸಂದರ್ಭದಲ್ಲಿ ದಾರಿ ಇದೆ. ಆಲಿಕಲ್ಲು ಮಳೆ ಬಿದ್ದರೆ, ಅಥವಾ ಕೊಯ್ದು ಹೊಲದಲ್ಲಿ ಒಣಗಲು ಹರಡಿದ ಬೆಳೆ 14 ದಿನದ ಒಳಗೆ ಅಕಾಲ ಮಳೆಗೆ ಸಿಕ್ಕರೆ, 72 ಗಂಟೆಯ ಒಳಗೆ ವಿಮಾ ಕಂಪನಿಗೆ, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ತಿಳಿಸಬೇಕು. ಮೂರು ದಿನ ಮಾತ್ರ. ಮನೆಯವರು ಊರಲ್ಲಿ ಇಲ್ಲದಿದ್ದರೆ ತಿಳಿಸುವವರು ಯಾರು? ನೀವೇ.

ಬೆಳೆ ಸಮೀಕ್ಷೆ: ಅಲ್ಲಿ ಜುಲೈ 15ರ ವರದಿ ಇದ್ದ ಹಾಗೆ ನಮ್ಮಲ್ಲಿ ಬೆಳೆ ಸಮೀಕ್ಷೆ ಇದೆ. ಮೊಬೈಲ್‌ನಲ್ಲಿ ಸರ್ವೆ ನಂಬರ್ ಪ್ರಕಾರ ಬೆಳೆಯ ಫೋಟೋ ಸೇರಿಸುತ್ತಾರೆ. ಹೊಲದಲ್ಲಿ ಸೋಯಾ ಇದ್ದು ಸಮೀಕ್ಷೆಯಲ್ಲಿ ತೊಗರಿ ಎಂದು ಬಿದ್ದಿದ್ದರೆ ವಿಮೆಗೂ ಅಡ್ಡಿ, ಖರೀದಿ ಕೇಂದ್ರದಲ್ಲೂ ಅಡ್ಡಿ. ರಾಶಿ ಆದ ಮೇಲೆ ತಿದ್ದಿಸಲು ಆಗುವುದಿಲ್ಲ, ಬೆಳೆ ನಿಂತಿರುವಾಗಲೇ ನೋಡಬೇಕು.

5. ಈ ತಿಂಗಳು ಪ್ರತಿ ಸದಸ್ಯೆ ಮಾಡಬೇಕಾದ ಕೆಲಸ

ಮನೆಯ ಪಹಣಿ ತೆಗೆಸಿ. ಯಾರ ಹೆಸರಿದೆ ಎಂದು ಓದಿ. ಓದಲು ಬರದಿದ್ದರೆ ಸಂಘಕ್ಕೆ ತನ್ನಿ, ಓದಿಸೋಣ.

ತೀರಿಕೊಂಡವರ ಹೆಸರು ಇನ್ನೂ ಇದ್ದರೆ ಪೌತಿ ಖಾತೆಗೆ ಅರ್ಜಿ ಕೊಡಿ. ಮರಣ ಪ್ರಮಾಣ ಪತ್ರ ಮತ್ತು ವಂಶಾವಳಿ ಬೇಕಾಗುತ್ತದೆ. ಗ್ರಾಮ ಆಡಳಿತ ಅಧಿಕಾರಿ ಅಥವಾ ನಾಡ ಕಚೇರಿಯಲ್ಲಿ ಕೇಳಿ.

ಎಫ್‌ಐಡಿ ಸಂಖ್ಯೆ ಇದೆಯೇ, ಅದರಲ್ಲಿ ಎಲ್ಲಾ ಸರ್ವೆ ನಂಬರ್ ಸೇರಿವೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ನೋಡಿ. ಬೀಜದ ರಿಯಾಯಿತಿಗೂ ಅಲ್ಲಿಯೇ ಹೋಗಬೇಕು.

ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಹೊಲಕ್ಕೆ ಯಾವ ಬೆಳೆ ಬರೆದಿದೆ ಎಂದು ಕೇಳಿ ತಿಳಿಯಿರಿ.

ವಿಮೆಯ ರಸೀದಿ, ಬೀಜದ ಬಿಲ್ಲು, ಮಾರಿದ ಪಟ್ಟಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ಟ್ರಂಕಿನಲ್ಲಿಡಿ. ಮೂಲ ಪ್ರತಿ ಯಾರಿಗೂ ಕೊಡಬೇಡಿ, ಜೆರಾಕ್ಸ್ ಕೊಡಿ.

ಒಬ್ಬಳೇ ಕಚೇರಿಗೆ ಹೋದರೆ "ನಿನ್ನ ಗಂಡನ್ನ ಕಳಿಸು" ಎಂದು ಅನ್ನಬಹುದು. ಐದು ಜನ ಹೋಗಿ, ಅರ್ಜಿಗೆ ಸ್ವೀಕೃತಿ ಬರೆಸಿಕೊಂಡೇ ಬನ್ನಿ.

6. ಸಂಘದಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಸಂಘದಲ್ಲಿ ಎಷ್ಟು ಸದಸ್ಯರ ಹೆಸರು ಪಹಣಿಯಲ್ಲಿದೆ? ಎಷ್ಟು ಜನ ಲಾವಣಿ ಅಥವಾ ಪಾಲಿನ ಹೊಲ ಮಾಡುತ್ತೇವೆ?

2. ಎಕರೆ ಲೆಕ್ಕದಲ್ಲಿ ಹಣ ಕೊಟ್ಟರೆ ಎರಡು ಎಕರೆಯವರಿಗೂ ಇಪ್ಪತ್ತು ಎಕರೆಯವರಿಗೂ ಏನು ವ್ಯತ್ಯಾಸ ಆಗುತ್ತದೆ? ಯಾವ ರೀತಿ ಕೊಟ್ಟರೆ ನ್ಯಾಯ?

3. ಲಾವಣಿ ಹೊಲ ಮಾಡುವವರಿಗೂ ನೆರವು ಸಿಗಬೇಕಾದರೆ ಗ್ರಾಮ ಸಭೆಯಲ್ಲಿ ನಾವು ಏನು ಕೇಳಬಹುದು?

4. ಕಳೆದ ಮುಂಗಾರಿಯಲ್ಲಿ ವಿಮೆಯ ಹಣ ಯಾರಿಗೆ ಬಂತು, ಯಾರಿಗೆ ಬರಲಿಲ್ಲ? ಕಾರಣ ಗೊತ್ತಿದೆಯೇ?

ಉತ್ತರಗಳನ್ನು ಸಂಘದ ಠರಾವು ಪುಸ್ತಕದಲ್ಲಿ ಬರೆದು ಒಕ್ಕೂಟದ ಸಭೆಗೆ ತನ್ನಿ. ಮೊದಲನೆಯ ಪ್ರಶ್ನೆಯ ಲೆಕ್ಕವನ್ನು ಮಾತ್ರ ಯಾರೂ ತಪ್ಪಿಸಬೇಡಿ. ಹೆಸರು ಇದ್ದವರೆಷ್ಟು, ಇಲ್ಲದವರೆಷ್ಟು ಎಂಬ ಆ ಎರಡು ಅಂಕಿ ಕೈಯಲ್ಲಿದ್ದರೆ ಗ್ರಾಮ ಸಭೆಯಲ್ಲಿ ನಮ್ಮ ಮಾತಿಗೆ ತೂಕ ಬರುತ್ತದೆ.